ಕ್ಯಾಂಪಿನ ಹುಡುಗ ವಿಲ್ಸನ್ ಜೋನ್ಸ್

ವಿಲ್ಸನ್ ಜೋನ್ಸ್ ಎಂಬ ಹೆಸರು ಕಿವಿಗೆ ಬಿದ್ದರೆ ಯಾರೋ ಇಂಗ್ಲೆಂಡಿನ ದೊರೆ ಇರಬೇಕು ಅನ್ನಿಸುತ್ತದೆ. ಅಲ್ಲ, ಅವರು ಅಪ್ಪಟ ಪುಣೆಯವರು. ಪೂರ್ತಿ ಹೆಸರು ವಿಲ್ಸನ್ ಲಯನೆಲ್ ಗಾರ್ಟನ್-ಜೋನ್ಸ್. 1922ನೇ ಇಸವಿ ಮೇ 2ನೇ ತಾರೀಖು ಹುಟ್ಟಿದ್ದು ಇದೇ ಊರಿನಲ್ಲಿ. ಓದಿದ್ದು ಇಲ್ಲಿಯದೇ ಬಿಷಪ್ಸ್ ಮತ್ತು ಸೇಂಟ್ ವಿನ್ಸೆಂಟ್ಸ್ ಶಾಲೆಗಳಲ್ಲಿ. 1958ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಬಿಲಿಯರ್ಡ್ಸ್ ಆಟದ ವಿಶ್ವ ಅಮೆಚೂರ್ ಪಟ್ಟವನ್ನು ಗೆದ್ದರು. ಸ್ವತಂತ್ರ ಭಾರತದ ಒಬ್ಬ ಮನುಷ್ಯ ಒಂಟಿಯಾಗಿ ಆಡಿ ಒಂದು ಆಟದಲ್ಲಿ ಲೋಕಕ್ಕೇ ಮೊದಲಿಗನಾದದ್ದು ಅದೇ ಮೊದಲ ಸಲ.

ಈ ಮಾತನ್ನು ಎರಡು ಸಲ ಓದಿ ನೋಡಿ. ಹಾಕಿಯಲ್ಲಿ ನಾವು ಆಗಲೇ ಒಲಿಂಪಿಕ್ ಚಿನ್ನದ ರಾಶಿ ಹಾಕಿದ್ದೆವು, ನಿಜ. ಆದರೆ ಅದು ಹನ್ನೊಂದು ಜನರ ಆಟ. ನಮ್ಮ ಕರಾಡದ ಕಡೆಯ ಪೈಲ್ವಾನ ಖಾಶಾಬಾ ಜಾಧವ 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ಮಿಲ್ಖಾ ಸಿಂಗ್ 1958ರಲ್ಲೇ ಕಾರ್ಡಿಫಿನಲ್ಲಿ ಓಡಿ ಚಿನ್ನ ಗೆದ್ದರು, ಆದರೆ ಅದು ಕಾಮನ್‌ವೆಲ್ತ್ ದೇಶಗಳ ಕೂಟ. ನಮ್ಮ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆಲ್ಲುವುದು 1980ರಷ್ಟು ಈಚೆಗೆ. ವಿಶ್ವನಾಥನ್ ಆನಂದ್ ಚದುರಂಗದ ವಿಶ್ವ ಚಾಂಪಿಯನ್ ಆದದ್ದು 2000ದಲ್ಲಿ. ಇವರೆಲ್ಲರಿಗಿಂತ ಮುಂಚೆ ಆ ಮೆಟ್ಟಿಲು ಹತ್ತಿದವರು ಪುಣೆ ಕ್ಯಾಂಪಿನ ಒಬ್ಬ ಹುಡುಗ. ಆದರೂ ಕಾಲೇಜಿನ ಕ್ವಿಜ್ ಸ್ಪರ್ಧೆಯ ಹೊರಗೆ ಆ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಹೀಗೇಕೆ ಅನ್ನೋದು ಒಂದು ಪ್ರಶ್ನೆ. ಅದಕ್ಕಿಂತ ಮುಖ್ಯವಾದದ್ದು, ಅವರನ್ನು ನೆನೆಯಲೇಬೇಕಾದರೆ ಯಾತಕ್ಕಾಗಿ ನೆನೆಯಬೇಕು ಅನ್ನೋ ಪ್ರಶ್ನೆ. ಮೊದಲಿಗರು ಅನ್ನೋದಕ್ಕೋ, ಇಲ್ಲಾ ಬೇರೇನಾದರೂ ಇದೆಯೋ?

ಮೊದಲು ಆಟದ ವಿಚಾರ ಸ್ವಲ್ಪ ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದೆ ಮುಂದಿನದು ರುಚಿಸುವುದಿಲ್ಲ. ಈಗ ಮಾಲುಗಳಲ್ಲಿ, ಹಾಸ್ಟೆಲುಗಳಲ್ಲಿ ಇರೋದು ಪೂಲ್ ಟೇಬಲ್ಲು, ಚಿಕ್ಕದು. ಬಿಲಿಯರ್ಡ್ಸ್ ಮೇಜು ಅಂದರೆ ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಹಸಿರು ಉಣ್ಣೆ ಬಟ್ಟೆಯ ಕೆಳಗೆ ಇರೋದು ಮರದ ಹಲಗೆ ಅಲ್ಲ, ನಯಮಾಡಿದ ಸ್ಲೇಟು ಕಲ್ಲಿನ ಹಾಸು. ಸುತ್ತ ಆರು ಕಿಸೆಗಳು. ನಮ್ಮ ಕೇರಂ ಬೋರ್ಡಿಗೆ ನಾಲ್ಕು ತೂತು ಇದ್ದ ಹಾಗೆ ಅನ್ನಿ. ಆದರೆ ಚೆಂಡುಗಳು ಮೂರೇ ಮೂರು. ಇಬ್ಬರು ಆಟಗಾರರಿಗೆ ಒಂದೊಂದು, ಇಬ್ಬರಿಗೂ ಸೇರಿದ ಕೆಂಪು ಒಂದು. ನಿಮ್ಮ ಚೆಂಡು ಉಳಿದೆರಡನ್ನೂ ಮುಟ್ಟಿದರೆ ಅದು ಕ್ಯಾನನ್, ಎರಡು ಅಂಕ. ಕೆಂಪನ್ನು ಕಿಸೆಗೆ ಹಾಕಿದರೆ ಮೂರು. ಎದುರಾಳಿಯ ಚೆಂಡನ್ನು ಹಾಕಿದರೆ ಎರಡು. ಕೇರಂನಲ್ಲಿ ಸ್ಟ್ರೈಕರ್ ತೂತಿಗೆ ಬಿದ್ದರೆ ದಂಡ. ಇಲ್ಲಿ ನಿಮ್ಮ ಚೆಂಡು ಇನ್ನೊಂದಕ್ಕೆ ತಗುಲಿ ತಾನೇ ಕಿಸೆಗೆ ಬಿದ್ದರೆ ಅದಕ್ಕೂ ಅಂಕ. ಕೆಂಪಿಗೆ ತಗುಲಿ ಬಿದ್ದರೆ ಮೂರು, ಎದುರಾಳಿಯದಕ್ಕೆ ತಗುಲಿ ಬಿದ್ದರೆ ಎರಡು. ಅದನ್ನು ಇನ್-ಆಫ್ ಅನ್ನುತ್ತಾರೆ.

ಕೇಳೋದಕ್ಕೆ ಸುಲಭ. ಕಷ್ಟ ಇರೋದು ಬೇರೆ ಕಡೆ. ಒಂದು ಹೊಡೆತದಲ್ಲಿ ಅಂಕ ಮಾಡಿದರೆ ಸಾಲದು, ಮೂರೂ ಚೆಂಡುಗಳು ನಿಂತಾಗ ಮುಂದಿನ ಹೊಡೆತಕ್ಕೆ ಅನುಕೂಲವಾಗಿ ನಿಲ್ಲಬೇಕು. ಅಂಕ ಬರುತ್ತಿರುವಷ್ಟು ಹೊತ್ತೂ ಆಟ ನಿಮ್ಮದೇ. ಇದಕ್ಕೆ ಬ್ರೇಕ್ ಅಂತ ಹೆಸರು. ಎರಡು ಮೂರರ ಚಿಲ್ಲರೆಯಲ್ಲೇ ನೂರು, ಇನ್ನೂರು, ಮುನ್ನೂರು ಕೂಡಿಸಬೇಕು. ಅಲ್ಲಿಯವರೆಗೆ ಎದುರಾಳಿ ಏನು ಮಾಡುತ್ತಾನೆ? ಕುರ್ಚಿಯ ಮೇಲೆ ಕೂತಿರುತ್ತಾನೆ. ಅಷ್ಟೇ. ಟೆನ್ನಿಸ್ಸಿನಲ್ಲಿ ಎದುರಿಗೆ ಎಷ್ಟೇ ದೊಡ್ಡ ಆಟಗಾರ ಇರಲಿ, ಚೆಂಡು ನಿಮ್ಮ ಕಡೆಗೂ ಬರುತ್ತೆ. ಕುಸ್ತಿಯಲ್ಲಿ ಕೆಳಗೆ ಬಿದ್ದವನೂ ಒದ್ದಾಡಬಹುದು. ಬಿಲಿಯರ್ಡ್ಸಿನಲ್ಲಿ ಸೋಲುವವನಿಗೆ ಒದ್ದಾಡುವ ಸೌಕರ್ಯವೂ ಇಲ್ಲ. ಕೈಕಟ್ಟಿ ಕೂತು ತನ್ನ ಸೋಲನ್ನು ತಾನೇ ನೋಡಬೇಕು. ಗಂಟೆ ಲೆಕ್ಕದ ಆಟವಾದರಂತೂ ಗಡಿಯಾರವೂ ಎದುರಾಳಿಯ ಕಡೆಗೇ ಇರುತ್ತದೆ. ಈ ಕುರ್ಚಿಯನ್ನು ನೆನಪಿಟ್ಟುಕೊಳ್ಳಿ. ಜೋನ್ಸರ ಕತೆಯಲ್ಲಿ ಮೇಜಿಗಿರುವಷ್ಟೇ ಪಾತ್ರ ಕುರ್ಚಿಗೂ ಇದೆ.

ಈ ಆಟ ಪುಣೆಗೆ ಬಂದದ್ದು ಪಲ್ಟನ್ನಿನ ಜೊತೆಗೆ. 1817ರಲ್ಲಿ ಖಡಕಿಯ ಯುದ್ಧದಲ್ಲಿ ಪೇಶ್ವೆಯರು ಸೋತರು, ಹಳೇ ಊರಿನ ಮಗ್ಗುಲಿಗೆ ಬ್ರಿಟಿಷರ ದಂಡು ಬಿಡಾರ ಹೂಡಿತು. ಅದೇ ನಾವು ಕ್ಯಾಂಪ್ ಅನ್ನುವ ಜಾಗ. ದಂಡು ಇದ್ದಲ್ಲಿ ಅಧಿಕಾರಿಗಳ ಮೆಸ್ಸು, ಕ್ಲಬ್ಬು, ಚರ್ಚು, ಬೇಕರಿ, ಬಿಲಿಯರ್ಡ್ಸ್ ಮೇಜು ಎಲ್ಲ ಬಂದವು. ಮಳೆಗಾಲದಲ್ಲಿ ಹೊರಗೆ ಆಡಲಾಗದ ಸೈನ್ಯಾಧಿಕಾರಿಗಳಿಗೆ ಇದೇ ಕಾಲಕ್ಷೇಪ. ಹೀಗೆ ಹೊತ್ತು ಹೋಗದೆ ಕೂತವರೇ ಈ ಮೇಜಿನ ಮೇಲೆ ಹೊಸ ಆಟ ಹುಟ್ಟಿಸಿದ್ದೂ ಉಂಟು. 1875ರಲ್ಲಿ ಜಬ್ಬಲ್ಪುರದ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ತರುಣ ಅಧಿಕಾರಿ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿ ಸ್ನೂಕರ್ ಶುರುಮಾಡಿದ. ಅದರ ನಿಯಮಗಳು ಒಂದು ರೂಪಕ್ಕೆ ಬಂದದ್ದು ನಮ್ಮ ಗುಂಡ್ಲುಪೇಟೆ ದಾಟಿ ಹೋದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ. ಲೋಕವೆಲ್ಲ ಇಂಗ್ಲಿಷರ ಆಟ ಅಂತ ತಿಳಿದಿರುವ ಸ್ನೂಕರ್ ಹುಟ್ಟಿದ್ದು, ತೊಟ್ಟಿಲು ತೂಗಿಸಿಕೊಂಡದ್ದು ಎರಡೂ ಈ ನೆಲದಲ್ಲೇ.

ಆದರೆ ಮೇಜು ಈ ನೆಲದ್ದಾದ ಮಾತ್ರಕ್ಕೆ ಆ ಕೋಣೆಯ ಬಾಗಿಲು ಈ ನೆಲದವರಿಗೆ ತೆರೆದಿತ್ತು ಅಂತ ಅಲ್ಲ. ಕ್ಲಬ್ಬು ಸಾಹೇಬರದು. ಮಾರ್ಕರ್ ಅಂತ ಒಬ್ಬ ಇರುತ್ತಿದ್ದ. ಚೆಂಡು ಒರೆಸಿಡೋದು, ಅಂಕ ಹಾಕೋದು, ಸಾಹೇಬರಿಗೆ ಜೊತೆಗಾರ ಸಿಗದಿದ್ದರೆ ತಾನೇ ಆಡಿ ಹೊತ್ತು ಕಳೆಯೋದು ಅವನ ಕೆಲಸ. ಮೆಂಬರು ಅವನಾಗುವಂತಿರಲಿಲ್ಲ. ಈ ಎರಡರ ನಡುವೆ, ಸಾಹೇಬನೂ ಅಲ್ಲದ, ಮಾರ್ಕರನೂ ಅಲ್ಲದ ಒಂದು ಮಂದಿ ಕ್ಯಾಂಪಿನಲ್ಲಿ ಬಾಳುತ್ತಿದ್ದರು. ಅವರು ಆಂಗ್ಲೋ-ಇಂಡಿಯನ್ನರು. ರೈಲ್ವೆ, ತಂತಿ, ಅಂಚೆ, ಕಸ್ಟಮ್ಸ್ ಇಂಥ ಇಲಾಖೆಗಳಲ್ಲಿ ದುಡಿದವರು. ಮನೆಮಾತು ಇಂಗ್ಲಿಷು, ಹುಟ್ಟೂರು ಮಾತ್ರ ಪುಣೆ, ಹುಬ್ಬಳ್ಳಿ, ಜಬ್ಬಲ್ಪುರ, ಕೋಲಾರದ ಚಿನ್ನದ ಗಣಿ. ಇಂಗ್ಲಿಷರು ಅವರನ್ನು ಪೂರಾ ತಮ್ಮವರು ಅನ್ನಲಿಲ್ಲ. ನಮ್ಮವರೂ ಅನ್ನಲಿಲ್ಲ. ವಿಲ್ಸನ್ ಜೋನ್ಸ್ ಹುಟ್ಟಿದ್ದು ಈ ಮಂದಿಯಲ್ಲಿ.

ಅವರ ವಯಸ್ಸಿನ ಲೆಕ್ಕ ಹಾಕಿ ನೋಡಿದರೆ ಅಯ್ಯೋ ಅನ್ನಿಸುತ್ತೆ. ಎರಡನೇ ಮಹಾಯುದ್ಧ ಶುರುವಾದಾಗ ಹದಿನೇಳು ವರ್ಷ, ಮುಗಿದಾಗ ಇಪ್ಪತ್ಮೂರು. ಕಣ್ಣು ಚುರುಕಾಗಿ ಕೈ ಪಳಗುವ ವಯಸ್ಸೆಲ್ಲ ಯುದ್ಧದ ಕಾಲಕ್ಕೇ ಸರಿಹೋಯಿತು. ಜಾಗತಿಕ ಅಮೆಚೂರ್ ಸ್ಪರ್ಧೆ 1938ರಲ್ಲಿ ಮೆಲ್ಬರ್ನಿನಲ್ಲಿ ನಡೆದದ್ದು ಮತ್ತೆ ನಡೆದದ್ದು 1951ರಲ್ಲೇ. ಹಾಗಾಗಿ ಊರೊಳಗೆ ಎಷ್ಟೇ ಆಡಿದರೂ ತನ್ನ ಆಟ ಲೋಕದ ತಕ್ಕಡಿಯಲ್ಲಿ ಎಷ್ಟು ತೂಗುತ್ತೆ ಅಂತ ಗೊತ್ತುಮಾಡಿಕೊಳ್ಳಲು ದಾರಿ ಇರಲಿಲ್ಲ. 1948ರಲ್ಲಿ ರಾಷ್ಟ್ರೀಯ ಸ್ನೂಕರ್ ಪಟ್ಟ ಗೆದ್ದರು. 1950ರಲ್ಲಿ ಬಿಲಿಯರ್ಡ್ಸಿನ ರಾಷ್ಟ್ರೀಯ ಪಟ್ಟವೂ ಕೈಗೆ ಬಂತು. ಆಮೇಲೆ ಅದನ್ನು ಒಟ್ಟು 12 ಸಲ ಗೆದ್ದರು, ಸ್ನೂಕರನ್ನು 5 ಸಲ. ಹದಿನಾರು ಹದಿನೇಳು ವರ್ಷ ಈ ದೇಶದಲ್ಲಿ ಬಿಲಿಯರ್ಡ್ಸ್ ಅಂದರೆ ಜೋನ್ಸ್ ಅನ್ನುವ ಹಾಗಿತ್ತು.

ಈ ಹೊತ್ತಿಗೆ ಅವರು ಮುಂಬಯಿಗೆ ಹೋಗಿ ನೆಲೆಸಿದ್ದರು. ಅಮೆಚೂರ್ ಅನ್ನೋ ಶಬ್ದದ ಅರ್ಥ ಆಗ ಬಹಳ ಕಟ್ಟುನಿಟ್ಟು. ಆಟದಿಂದ ದುಡ್ಡು ಮಾಡಬಾರದು, ಗೆದ್ದರೆ ಕಪ್ಪು, ಕೈಕುಲುಕು, ಮರುದಿನ ಪೇಪರಿನಲ್ಲಿ ನಾಲ್ಕು ಸಾಲು. ಕೂಳಿಗೆ ಬೇರೆ ದಾರಿ ಹುಡುಕಿಕೊಳ್ಳಬೇಕು. ನಮ್ಮ ಹಳೇ ಕಾಲದ ನಾಟಕದ ನಟರು, ಸಂಗೀತಗಾರರು ಪಟ್ಟ ಪಾಡೇ ಇದು. ಅಂದಹಾಗೆ ಭೀಮಸೇನ ಜೋಶಿಯವರು ಹುಟ್ಟಿದ್ದೂ 1922ರಲ್ಲೇ, ಫೆಬ್ರವರಿಯಲ್ಲಿ. ಗದಗಿನ ಕಡೆ ಹುಟ್ಟಿದ ಅವರು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು, ಊರೂರು ಅಲೆದು, ಕುಂದಗೋಳದಲ್ಲಿ ಕಲಿತು, ಕಡೆಗೆ ಈ ಪುಣೆಯನ್ನೇ ತಮ್ಮೂರು ಮಾಡಿಕೊಂಡರು. ಪುಣೆಯಲ್ಲಿ ಹುಟ್ಟಿದ ಜೋನ್ಸ್ ಮುಂಬಯಿಗೆ ಹೋದರು. ಒಂದೇ ವರ್ಷ ಹುಟ್ಟಿದ ಇಬ್ಬರು. ಒಬ್ಬರ ಹೆಸರಿಗೆ ಈ ಊರಿನಲ್ಲಿ ಪ್ರತಿ ಡಿಸೆಂಬರಿಗೆ ಸಾವಿರಾರು ಜನ ಇಡೀ ದಿನ ಕೂತು ಹಾಡು ಕೇಳುತ್ತಾರೆ. ಇನ್ನೊಬ್ಬರ ಸುದ್ದಿ ಅವರ ಕ್ಯಾಂಪಿನಲ್ಲೂ ಕಡಿಮೆ. ದೂರು ಹೇಳಲಿಕ್ಕೆ ಈ ಹೋಲಿಕೆ ಮಾಡುತ್ತಿಲ್ಲ. ಸಂಗೀತ ಸಾವಿರ ಜನರ ಕಿವಿಗೆ ಒಟ್ಟಿಗೇ ತಲಪುತ್ತೆ. ಬಿಲಿಯರ್ಡ್ಸ್ ಮೇಜಿನ ಸುತ್ತ ನೂರು ಜನ ನಿಂತರೆ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು. ಆಟದ ಗುಣವೇ ಹಾಗೆ. ಆದರೆ ರಿಯಾಜು ಅನ್ನುತ್ತೇವಲ್ಲ, ಅದರಲ್ಲಿ ಇಬ್ಬರೂ ಒಂದೇ ಜಾತಿ. ಒಂದೇ ಸ್ವರವನ್ನು ಸಾವಿರ ಸಲ ಹಚ್ಚೋದೂ, ಒಂದೇ ಇನ್-ಆಫನ್ನು ಸಾವಿರ ಸಲ ಹೊಡೆಯೋದೂ ಬೇರೆ ಬೇರೆ ಅಲ್ಲ.

ಈಗ ಕುರ್ಚಿಯ ವಿಚಾರಕ್ಕೆ ಬರೋಣ. 1951ರಲ್ಲಿ ಸ್ಪರ್ಧೆ ವಿಶ್ವ ಅಮೆಚೂರ್ ಚಾಂಪಿಯನ್‌ಶಿಪ್ ಎಂಬ ಹೊಸ ಹೆಸರಿನಲ್ಲಿ ಲಂಡನ್ನಿನಲ್ಲಿ ನಡೆಯಿತು. ಅದಕ್ಕೆ ಮೊದಲು ಅದರ ಹೆಸರಿನಲ್ಲಿ ಬ್ರಿಟಿಷ್ ಸಾಮ್ರಾಜ್ಯ ಅಂತಲೇ ಇತ್ತು. ಜೋನ್ಸ್ ಅಲ್ಲಿಗೆ ಹೋದರು. ಗೆದ್ದವರು ಪಶ್ಚಿಮ ಆಸ್ಟ್ರೇಲಿಯಾದ ಬಾಬ್ ಮಾರ್ಷಲ್, ಯುದ್ಧಕ್ಕೆ ಮುಂಚೆಯೇ ಎರಡು ಸಲ ಪಟ್ಟ ಕಟ್ಟಿಸಿಕೊಂಡಿದ್ದ ಘಟಾನುಘಟಿ. 1952ರಲ್ಲಿ ಸ್ಪರ್ಧೆ ನಮ್ಮ ಕಲ್ಕತ್ತೆಗೇ ಬಂತು. ಮನೆಯ ಅಂಗಳದ ಆಟ, ಈ ಸಲವಾದರೂ ಅಂತ ಜನ ಕಾದಿದ್ದಿರಬೇಕು. ಗೆದ್ದವರು ಇಂಗ್ಲೆಂಡಿನ ಲೆಸ್ಲಿ ಡ್ರಿಫೀಲ್ಡ್. 1954ರಲ್ಲಿ ಸಿಡ್ನಿಯಲ್ಲಿ ನಡೆಯಿತು. ಗೆದ್ದವರು ಆಸ್ಟ್ರೇಲಿಯಾದ ಟಾಮ್ ಕ್ಲಿಯರಿ. ಮುಂದಿನ ಸ್ಪರ್ಧೆಗೆ ನಾಲ್ಕು ವರ್ಷ ಕಾಯಬೇಕಾಯಿತು.

ಏಳು ವರ್ಷ. ಹೇಳೋದಕ್ಕೆ ಒಂದು ಮಾತು. ಈ ಏಳು ವರ್ಷದಲ್ಲಿ ದೇಶದೊಳಗೆ ಅವರನ್ನು ಮುಟ್ಟುವವರು ವಿರಳ. ಆದರೆ ಲೋಕದ ಪಟ್ಟ ಮಾತ್ರ ಪ್ರತಿ ಸಲ ಬೇರೆಯವರ ಪಾಲು. ಊರಲ್ಲಿ ಹುಲಿ, ಹೊರಗೆ ಮಾಮೂಲಿ ಅಂತ ಆಡಿಕೊಳ್ಳುವವರಿಗೆ ಇಷ್ಟು ಸಾಕು. ಆಗಿನ ಕಾಲದ ಬಹುಪಾಲು ಆಟಗಾರರಿಗೆ ಇಲ್ಲಿಗೆ ಸಾಕೆನಿಸುತ್ತಿತ್ತು. ದೇಶಕ್ಕೆ ನಾನೇ ಚಾಂಪಿಯನ್ನು, ಆ ಗೋರಿಗಳಿಗೆ ಹುಟ್ಟುತ್ತಲೇ ಮೇಜು, ನಮಗೆಲ್ಲಿ ಅಂತ ಸಮಾಧಾನ ಹೇಳಿಕೊಳ್ಳಬಹುದಿತ್ತು. ಅದು ಸುಳ್ಳು ಸಮಾಧಾನವೂ ಅಲ್ಲ. ಆಸ್ಟ್ರೇಲಿಯಾ, ಇಂಗ್ಲೆಂಡುಗಳಲ್ಲಿ ಮೇಜುಗಳು ಊರೂರಿಗೆ ಇದ್ದವು, ನಮ್ಮಲ್ಲಿ ದೊಡ್ಡ ಪಟ್ಟಣದ ಕೆಲವೇ ಕೋಣೆಗಳಲ್ಲಿ. ಆದರೂ ಜೋನ್ಸ್ ಬಿಡಲಿಲ್ಲ. ಕುರ್ಚಿಯಲ್ಲಿ ಕೂತು ನೋಡೋದೂ ಒಂದು ಪಾಠಶಾಲೆ ಅಂತ ಈ ಆಟ ಬಲ್ಲವರು ತಿಳಿಯುತ್ತಾರೆ. ಎದುರಾಳಿ ಚೆಂಡುಗಳನ್ನು ಹೇಗೆ ಒಂದು ಮೂಲೆಗೆ ಕೂಡಿಸಿಕೊಳ್ಳುತ್ತಾನೆ, ಎಲ್ಲಿ ಅವಸರ ಮಾಡುವುದಿಲ್ಲ, ಇದನ್ನೆಲ್ಲ ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ಸೋಲುವವನಿಗಲ್ಲದೆ ಇನ್ನಾರಿಗೆ?

1958. ಕಲ್ಕತ್ತೆಯ ಗ್ರೇಟ್ ಈಸ್ಟರ್ನ್ ಹೋಟೆಲು. ಆರು ವರ್ಷದ ಹಿಂದೆ ಇದೇ ಊರಿನಲ್ಲಿ ಗೆದ್ದು ಹೋಗಿದ್ದ ಡ್ರಿಫೀಲ್ಡ್ ಮತ್ತೆ ಬಂದಿದ್ದರು. ಆಗಿನ ಪದ್ಧತಿಯಲ್ಲಿ ಒಂದು ಸೋಲಿಗೆ ಮನೆಗೆ ಹೋಗುವ ಕ್ರಮ ಇರಲಿಲ್ಲ. ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ಆಡಬೇಕು, ಒಂದೊಂದು ಪಂದ್ಯವೂ ಗಂಟೆಗಟ್ಟಲೆ. ಅದೃಷ್ಟದ ಮೇಲೆ ಗೆಲ್ಲುವ ಪೈಕಿ ಅಲ್ಲ ಇದು. ಒಂದು ದಿನ ಕೈ ಸೋತರೆ ಮರುದಿನ ಸರಿಪಡಿಸಬಹುದು, ಆದರೆ ಎಲ್ಲ ದಿನವೂ ಚೆನ್ನಾಗಿ ಆಡದವನು ಮೇಲೆ ಉಳಿಯಲಾರ. ಎಲ್ಲ ಮುಗಿದಾಗ ಮೇಲೆ ಉಳಿದವರು ವಿಲ್ಸನ್ ಜೋನ್ಸ್. ವಯಸ್ಸು ಮೂವತ್ತಾರು. ಹೋದ ಸಲ ಈ ಊರಿನಲ್ಲಿ ತಪ್ಪಿದ್ದು ಈ ಸಲ ಇದೇ ಊರಿನಲ್ಲಿ ದಕ್ಕಿತು.

ಇಲ್ಲಿಗೆ ಕತೆ ನಿಲ್ಲಿಸಿದ್ದರೆ ಚಂದಮಾಮದ ಕತೆಯ ಹಾಗೆ ಸುಖಾಂತವಾಗುತ್ತಿತ್ತು. ಬದುಕು ಹಾಗಲ್ಲವಲ್ಲ. 1960ರಲ್ಲಿ ಎಡಿನ್‌ಬರೋದಲ್ಲಿ ಪಟ್ಟ ಇಂಗ್ಲೆಂಡಿನ ಹರ್ಬರ್ಟ್ ಬೀಥಮ್ ಪಾಲಾಯಿತು. 1962ರಲ್ಲಿ ಪರ್ತ್ ನಗರದಲ್ಲಿ ಮತ್ತೆ ಬಾಬ್ ಮಾರ್ಷಲ್, ಅದೂ ತಮ್ಮ ಊರಿನಲ್ಲೇ. ಜೋನ್ಸರಿಗೆ ನಲವತ್ತಾಯಿತು. 1958ರದ್ದು ಮನೆಯಂಗಳದ ಗೆಲುವು, ಮತ್ತೆ ಆಗೋದಲ್ಲ ಅಂತ ಅನ್ನುವವರು ಅಂದಿದ್ದರೆ ಉತ್ತರ ಕೊಡೋದು ಕಷ್ಟವಿತ್ತು. ಆ ಉತ್ತರ ಬಂದದ್ದು 1964ರಲ್ಲಿ, ನ್ಯೂಜಿಲೆಂಡಿನ ಪುಕೆಕೊಹೆ ಎಂಬ ಪುಟ್ಟ ಊರಿನಿಂದ. ಮನೆಯಿಂದ ಅಷ್ಟು ದೂರ ಹೋಗಿ, ನಲವತ್ತೆರಡನೇ ವಯಸ್ಸಿನಲ್ಲಿ, ಎರಡನೇ ಸಲ ವಿಶ್ವ ಪಟ್ಟ ಗೆದ್ದರು. ನನಗೆ ಕೇಳಿದರೆ ಮೊದಲನೆಯದಕ್ಕಿಂತ ಈ ಎರಡನೆಯದೇ ದೊಡ್ಡದು. ಮೊದಲ ಗೆಲುವಿಗೆ ಆಸೆ ಸಾಕು. ಗೆದ್ದು, ಮತ್ತೆ ಎರಡು ಸಲ ಕಳಕೊಂಡು, ಮತ್ತೂ ಹೋಗೋದಕ್ಕೆ ಆಸೆಗಿಂತ ಗಟ್ಟಿಯಾದದ್ದೇನೋ ಬೇಕು.

ಆ ಸಲ ಭಾರತದಿಂದ ನ್ಯೂಜಿಲೆಂಡಿಗೆ ಹೋದವರಲ್ಲಿ ಮುಂಬಯಿಯ ತರುಣ ಮೈಕೆಲ್ ಫೆರೇರಾ ಕೂಡ ಇದ್ದರು. ಮುಂದೆ 1977ರಿಂದ ಈಚೆಗೆ ಅವರೂ ವಿಶ್ವ ಅಮೆಚೂರ್ ಪಟ್ಟವನ್ನು ಮತ್ತೆ ಮತ್ತೆ ಗೆದ್ದರು. 1981ರಲ್ಲಿ ಸರ್ಕಾರ ಪದ್ಮಶ್ರೀ ಕೊಡಲು ಬಂದಾಗ, ಕ್ರಿಕೆಟ್ಟಿನವರಿಗೆ ಪದ್ಮಭೂಷಣ, ನಮಗೆ ಇದೇಕೆ ಎಂಬ ನ್ಯಾಯ ಎತ್ತಿ ಬೇಡವೆಂದರು. ಆಮೇಲೆ ಅವರಿಗೂ ಪದ್ಮಭೂಷಣ ಬಂತು. ಆ ಜಗಳ ಆಡುವ ಧೈರ್ಯ ಫೆರೇರಾ ಅವರದು, ಒಪ್ಪತಕ್ಕದ್ದೇ. ಆದರೆ ಜಗಳವಾಡುವಷ್ಟು ತೂಕ ಈ ಆಟಕ್ಕೆ ಬಂದದ್ದು ಯಾರಿಂದ ಅಂತ ಯೋಚಿಸಿದರೆ ಮತ್ತೆ ಜೋನ್ಸರ ಬಳಿಗೇ ಬರಬೇಕು. ಅವರಿಗೆ 1963ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಈ ಆಟದಿಂದ ಅದನ್ನು ಪಡೆದ ಮೊದಲಿಗರೂ ಅವರೇ. 1965ರಲ್ಲಿ ಪದ್ಮಶ್ರೀ. ಆಡೋದು ನಿಲ್ಲಿಸಿದ ಮೇಲೆ ಕಿರಿಯರಿಗೆ ಕಲಿಸಲು ನಿಂತರು. 1996ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ, ಗುರುವಿನ ಲೆಕ್ಕದಲ್ಲಿ. ಅರ್ಜುನನೂ ಆಗಿ ದ್ರೋಣನೂ ಆದವರು ಎಷ್ಟು ಜನ ಸಿಕ್ಕಾರು?

ಇಲ್ಲೊಂದು ತಕರಾರು ಬರುತ್ತೆ. ಅದನ್ನು ಮುಚ್ಚಿಡೋದು ಸರಿಯಲ್ಲ. ನಮ್ಮ ಕೆಲ ಗೆಳೆಯರು ಕೇಳಬಹುದು, ಏನಪ್ಪಾ ಇದು, ಹೊಟ್ಟೆ ತುಂಬಿದವರು ಕ್ಲಬ್ಬಿನಲ್ಲಿ ಕೂತು ಆಡೋ ಆಟ, ಹೊಲದಲ್ಲಿ ಗೇಯುವವನಿಗೂ ಗಿರಣಿಯಲ್ಲಿ ದುಡಿಯುವವನಿಗೂ ಇದರಿಂದ ಬಂದದ್ದೇನು ಅಂತ. ಮಾತಿನಲ್ಲಿ ಸತ್ಯ ಇದೆ. ಆ ಮೇಜಿನ ಖರ್ಚು, ಆ ಕೋಣೆಯ ಬಿಗಿ, ಆ ಮೆಂಬರ್‌ಶಿಪ್ಪು ಬಹಳ ಜನರನ್ನು ಹೊರಗೆ ನಿಲ್ಲಿಸಿತು. ಎಷ್ಟು ಮಾರ್ಕರುಗಳ ಕೈಯಲ್ಲಿ ಚಾಂಪಿಯನ್ನರ ಆಟ ಇತ್ತೋ ಯಾರು ಬಲ್ಲರು? ಹೆಂಗಸರಂತೂ ಬಹುಕಾಲ ಆ ಬಾಗಿಲು ದಾಟಲೇ ಇಲ್ಲ. ಚೆಂಡುಗಳನ್ನು ಒಂದು ಕಾಲಕ್ಕೆ ಆನೆಯ ದಂತದಿಂದ ಕಡೆಯುತ್ತಿದ್ದರು, ಸಾಹೇಬರ ಸಂಜೆಯ ಆಟಕ್ಕೆ ಆನೆಗಳು ಸತ್ತವು. ಇದೆಲ್ಲ ಈ ಆಟದ ಲೆಕ್ಕದ ಪುಸ್ತಕದಲ್ಲಿ ಬರೆಯಲೇಬೇಕಾದ ಬಾಕಿ.

ಆದರೆ ಒಂದು ಆಟವನ್ನು ಅದು ಹುಟ್ಟಿದ ಮನೆಯಿಂದಲೇ ಅಳೆಯಬೇಕೆ? ಕ್ರಿಕೆಟ್ಟೂ ಸಾಹೇಬರದೇ. ಈಗ ಅದು ಯಾರದು ಅಂತ ಯಾವ ಗಲ್ಲಿಯ ಹುಡುಗನನ್ನಾದರೂ ಕೇಳಿ. ಬಿಲಿಯರ್ಡ್ಸ್ ಅಷ್ಟು ದೂರ ಹೋಗಲಿಲ್ಲ, ಆದರೆ ಬಾಗಿಲು ತಕ್ಕಮಟ್ಟಿಗೆ ತೆರೆಯಿತು. ಬೆಂಗಳೂರಿನ ಆರ್. ಉಮಾದೇವಿ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪಟ್ಟ ಗೆದ್ದರು. ಸಾಹೇಬರ ಕೋಣೆಯಿಂದ ಇಲ್ಲಿಯವರೆಗಿನ ದಾರಿಯಲ್ಲಿ ಮೊದಲ ದೊಡ್ಡ ಹೆಜ್ಜೆ ಯಾರದೆಂದರೆ, ಸಾಹೇಬರ ಹೆಸರಿದ್ದೂ ಸಾಹೇಬರಲ್ಲದ ಒಬ್ಬ ಮನುಷ್ಯನದು.

ಇಲ್ಲೇ ನನಗೆ ಜೋನ್ಸರ ದೊಡ್ಡಸ್ತಿಕೆ ಕಾಣುತ್ತದೆ. 1947ರ ಆಚೆಗೆ ಆಂಗ್ಲೋ-ಇಂಡಿಯನ್ನರ ಮನೆಮನೆಯಲ್ಲೂ ಒಂದೇ ಪ್ರಶ್ನೆ. ಇರುವುದೋ, ಹೋಗುವುದೋ? ಬಹಳ ಜನ ಹೋದರು. ಇಂಗ್ಲೆಂಡಿಗೆ, ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ. ಜಬ್ಬಲ್ಪುರದ ಪಿಯರ್ಸ್ ಮನೆಯ ಐವರು ಅಣ್ಣತಮ್ಮಂದಿರು ಪರ್ತಿಗೆ ಹೋಗಿ ಆಸ್ಟ್ರೇಲಿಯಾದ ಪರವಾಗಿಯೇ ಹಾಕಿ ಆಡಿದರು. ಅವರನ್ನು ತಪ್ಪು ಅನ್ನಲು ನಾವು ಯಾರು? ತಮ್ಮ ಜಾಗ ಇಲ್ಲಿ ಉಳಿಯುತ್ತೋ ಇಲ್ಲವೋ ಅಂತ ಹೆದರಿದ ಮಂದಿ ಅವರು. ಬಿಲಿಯರ್ಡ್ಸ್ ಆಡುವ ಒಬ್ಬ ಇಂಗ್ಲಿಷ್ ಹೆಸರಿನ ಮನುಷ್ಯನಿಗೆ ಆಸ್ಟ್ರೇಲಿಯಾದಲ್ಲೋ ಇಂಗ್ಲೆಂಡಿನಲ್ಲೋ ಮೇಜಿಗೇನು ಬರ, ಜೊತೆಗಾರರಿಗೇನು ಬರ? ಜೋನ್ಸ್ ಹೋಗಲಿಲ್ಲ. ಲಂಡನ್ನಿಗೂ ನ್ಯೂಜಿಲೆಂಡಿಗೂ ಹೋದದ್ದು ಆಡಲಿಕ್ಕೆ. ಆಡಿ, ತಿರುಗಿ ಮುಂಬಯಿಗೆ ಬಂದರು. ಈ ದೇಶದ ಹೆಸರಿನಲ್ಲೇ ಗೆದ್ದರು, ಈ ದೇಶದ ಹುಡುಗರಿಗೇ ಕಲಿಸಿದರು, ಈ ನೆಲದಲ್ಲೇ ಕಣ್ಣು ಮುಚ್ಚಿದರು. ಇವರು ನಮ್ಮವರು ಹೌದೋ ಅಲ್ಲವೋ ಅಂತ ಯಾರಾದರೂ ಅನುಮಾನಪಟ್ಟಿದ್ದರೆ ಅದಕ್ಕೆ ಉತ್ತರ ಭಾಷಣದಲ್ಲಿ ಬರಲಿಲ್ಲ, ಐವತ್ತು ವರ್ಷದ ಬಾಳುವೆಯಲ್ಲಿ ಬಂತು.

ಪುಣೆಯಲ್ಲಿ ಕನ್ನಡ ಕೂಟ ಕಟ್ಟಿಕೊಂಡಿರುವ ನಮಗೆ ಈ ಮಾತು ಬೇಗ ಅರ್ಥವಾಗಬೇಕು. ನಾವೂ ಒಂದು ಬಗೆಯಲ್ಲಿ ನಡುವಿನವರೇ. ಇಲ್ಲಿ ನಮ್ಮನ್ನು ಕಾನಡಿ ಅನ್ನುತ್ತಾರೆ, ರಜೆಗೆ ಊರಿಗೆ ಹೋದರೆ ಪುಣೆಯವರು ಬಂದರು ಅನ್ನುತ್ತಾರೆ. ಯಾವ ಊರು ನಿಮ್ಮದು ಅಂತ ಕೇಳಿದರೆ ಒಂದು ಗಳಿಗೆ ತಡವರಿಸುತ್ತೇವೆ. ಹೆಸರಿನಿಂದ, ಮನೆಮಾತಿನಿಂದ ಮನುಷ್ಯನ ಊರು ತೀರ್ಮಾನ ಮಾಡೋದು ಎಷ್ಟು ಒರಟು ಕೆಲಸ ಅಂತ ನಮಗೆ ಅನುಭವದಿಂದ ಗೊತ್ತು. ಹಾಗಿದ್ದಮೇಲೆ ಜೋನ್ಸ್ ಎಂಬ ಹೆಸರು ಕೇಳಿ ಪರಕೀಯ ಅಂತ ಪುಟ ತಿರುಗಿಸೋದು ನಮಗೆ ಶೋಭಿಸುವುದಿಲ್ಲ.

2003ರ ಅಕ್ಟೋಬರ್ 5ರಂದು ವಿಲ್ಸನ್ ಜೋನ್ಸ್ ಮುಂಬಯಿಯಲ್ಲಿ ತೀರಿಕೊಂಡರು. ಎಂಬತ್ತೊಂದು ವರ್ಷ. ಅದೇ ಅಕ್ಟೋಬರ್ ತಿಂಗಳು ಮುಗಿಯುವುದರೊಳಗೆ ಚೀನಾದಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ವಿಶ್ವ ಅಮೆಚೂರ್ ಸ್ನೂಕರ್ ಪಟ್ಟ ಗೆದ್ದ. ಹೆಸರು ಪಂಕಜ್ ಆಡ್ವಾಣಿ. ಅವರು ಬೆಳೆದದ್ದು, ಆಟ ಕಲಿತದ್ದು ನಮ್ಮ ಬೆಂಗಳೂರಿನಲ್ಲಿ, ಅರವಿಂದ ಸವೂರ್ ಅವರ ಕೈಕೆಳಗೆ. ಸವೂರ್ ಕೂಡ ಅರ್ಜುನ ಪ್ರಶಸ್ತಿ ಪಡೆದ ಹಿರಿಯ ಆಟಗಾರರು. ಆಮೇಲೆ ಆಡ್ವಾಣಿ ಬಿಲಿಯರ್ಡ್ಸ್, ಸ್ನೂಕರ್ ಎರಡೂ ಕೂಡಿಸಿ ಇಪ್ಪತ್ತೈದಕ್ಕೂ ಹೆಚ್ಚು ವಿಶ್ವ ಪಟ್ಟ ಗೆದ್ದದ್ದು ಎಲ್ಲರಿಗೂ ಗೊತ್ತಿದೆ. ಬಹಳ ಜನಕ್ಕೆ ಗೊತ್ತಿಲ್ಲದ್ದು ಒಂದಿದೆ. ಅವರು ಹುಟ್ಟಿದ್ದು ಬೆಂಗಳೂರಿನಲ್ಲಲ್ಲ, 1985ರ ಜುಲೈನಲ್ಲಿ, ಇದೇ ಪುಣೆಯಲ್ಲಿ. ಹೆತ್ತವಳು ದೇವಕಿ, ಸಾಕಿದವಳು ಯಶೋದೆ. ನಮ್ಮ ಎರಡೂ ಊರುಗಳಿಗೆ ಇದರಲ್ಲಿ ಪಾಲಿದೆ.

ಇದನ್ನು ವಿಧಿಯ ಲೀಲೆ, ಒಂದು ದೀಪ ಆರಿ ಇನ್ನೊಂದು ಹತ್ತಿಕೊಂಡಿತು ಅಂತೆಲ್ಲ ಬಣ್ಣಿಸಲು ನನಗೆ ಇಷ್ಟವಿಲ್ಲ. ಒಂದೇ ತಿಂಗಳಲ್ಲಿ ಆಗಿದ್ದು ಕಾಕತಾಳೀಯ. ಆದರೆ 1958ರಲ್ಲಿ ಭಾರತದವನೊಬ್ಬ ಲೋಕದ ಪಟ್ಟ ಗೆಲ್ಲುವುದು ನಂಬಲಾಗದ ಸಂಗತಿಯಾಗಿತ್ತು, 2003ರಲ್ಲಿ ಅದು ನಂಬಬಹುದಾದ ಸಂಗತಿಯಾಗಿತ್ತು. ಈ ನಡುವೆ ಫೆರೇರಾ ಗೆದ್ದರು, 1984ರಲ್ಲಿ ಡಬ್ಲಿನ್ನಿನಲ್ಲಿ ಓಂ ಅಗರವಾಲ್ ಸ್ನೂಕರಿನ ವಿಶ್ವ ಅಮೆಚೂರ್ ಪಟ್ಟ ಗೆದ್ದರು, 1985ರಿಂದ ಗೀತ್ ಸೇಠಿ ಬಂದರು. ಒಬ್ಬರ ಹಿಂದೆ ಒಬ್ಬರು. ಆಗುವುದಿಲ್ಲ ಅನ್ನೋದನ್ನ ಆಗುತ್ತೆ ಅಂತ ತೋರಿಸೋದು ಒಬ್ಬರೇ. ಆಮೇಲೆ ಬರುವವರಿಗೆ ಕಷ್ಟ ಇಲ್ಲ ಅಂತಲ್ಲ, ಅನುಮಾನ ಮಾತ್ರ ಇರುವುದಿಲ್ಲ.

ಅವರನ್ನು ಮೊದಲಿಗರು ಎಂದಷ್ಟೇ ನೆನೆದರೆ ಸಾಲದು ಅಂತ ನನಗೆ ಅನ್ನಿಸೋದು ಇದಕ್ಕೇ. ಮೊದಲಿಗರಾಗೋದು ಇಸವಿಯ ಮಾತು, ಯಾರಾದರೊಬ್ಬರು ಆಗಲೇಬೇಕಿತ್ತು. 1951ರಿಂದ 1958ರವರೆಗೆ ಕುರ್ಚಿಯಲ್ಲಿ ಕೂತು ನೋಡಿದ್ದು, ನೋಡಿ ಕಲಿತದ್ದು, 1958 ಆದಮೇಲೂ ಮತ್ತೆ ಸೋತು ಮತ್ತೆ ಹೋದದ್ದು, ಹೋಗಬಹುದಾಗಿದ್ದ ಕಾಲದಲ್ಲಿ ಊರು ಬಿಡದೆ ಉಳಿದದ್ದು, ಇವನ್ನು ನೆನೆಯಬೇಕು. ಪರೀಕ್ಷೆಯ ಫಲಿತಾಂಶ ಬಂದ ವಾರ ಈ ಸಂಚಿಕೆ ನಿಮ್ಮ ಕೈಗೆ ಬಂದರೆ, ಈ ಸಲ ಕುರ್ಚಿಯಲ್ಲಿ ಕೂರಬೇಕಾಗಿ ಬಂದ ಗೆಳೆಯರು ಈ ಪುಟವನ್ನು ಇನ್ನೊಮ್ಮೆ ಓದಲಿ. ಮುಂದಿನ ಸರದಿ ಬಂದೇ ಬರುತ್ತೆ. ಆಗ ಮೇಜಿನ ಮೇಲೆ ಏನು ಮಾಡಬೇಕು ಅಂತ ಗೊತ್ತಿದ್ದರೆ ಸಾಕು.